ಕರಡಿಯ ಬೆನ್ನೇರಿದ ಹುಡುಗ: ಒಂದು ಮಾಲ್‌ನ ಹುಟ್ಟು, ಸಾವು ಮತ್ತು ಆಮೇಲಿನ ಕತೆ

ಅಮೆರಿಕದ ಮಿಶಿಗನ್ ರಾಜ್ಯದ ಸೌತ್‌ಫೀಲ್ಡ್ ಎಂಬ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಒಂದು ಕರಡಿ ಇದೆ. ಸುಣ್ಣಕಲ್ಲಿನಲ್ಲಿ ಕಡೆದ ಭಾರೀ ಕರಡಿ. ಅದರ ಬೆನ್ನ ಮೇಲೆ ಚಿನ್ನದ ಲೇಪವಿರುವ ಕಂಚಿನ ಹುಡುಗನೊಬ್ಬ ಕುಳಿತಿದ್ದಾನೆ. ಮಾಡಿದ ಶಿಲ್ಪಿ ಮಾರ್ಷಲ್ ಫ್ರೆಡೆರಿಕ್ಸ್. ಪುಸ್ತಕ ಹುಡುಕಿಕೊಂಡು ಬರುವ ಮಕ್ಕಳು ಕರಡಿಯನ್ನು ಮುಟ್ಟಿ ನೋಡಿ ಮುಂದೆ ಹೋಗುತ್ತಾರೆ. ಆದರೆ ಈ ಕರಡಿಯನ್ನು ಗ್ರಂಥಾಲಯಕ್ಕಾಗಿ ಮಾಡಿದ್ದಲ್ಲ. 1954ರಲ್ಲಿ ಅದೇ ಊರಿನಲ್ಲಿ ತೆರೆದ ನಾರ್ತ್‌ಲ್ಯಾಂಡ್ ಎಂಬ ಶಾಪಿಂಗ್ ಸೆಂಟರಿನ ಅಂಗಳಕ್ಕಾಗಿ ಮಾಡಿದ್ದು. ಆ ಸೆಂಟರು 2015ರಲ್ಲಿ ಮುಚ್ಚಿತು. ಅದರ ಬಹುಭಾಗವನ್ನು ಕೆಡವಿದರು. ಕರಡಿ ಉಳಿಯಿತು.

ಒಂದು ಅಂಗಡಿಸಾಲು ಮುಚ್ಚಿದ್ದಕ್ಕೆ ಇಷ್ಟು ಪೀಠಿಕೆ ಯಾಕೆ ಎಂದು ಓದುಗರು ಕೇಳಬಹುದು. ಅಂಗಡಿಗಳು ತೆರೆಯುತ್ತವೆ, ಮುಚ್ಚುತ್ತವೆ. ವ್ಯಾಪಾರವೆಂದ ಮೇಲೆ ಲಾಭನಷ್ಟ ಇದ್ದದ್ದೇ. ಆದರೆ ನಾರ್ತ್‌ಲ್ಯಾಂಡ್ ಬರಿಯ ಅಂಗಡಿಸಾಲಾಗಿರಲಿಲ್ಲ. ಇಂದು ಜಗತ್ತಿನಾದ್ಯಂತ ನಾವು ಕಾಣುವ ಮಾಲ್ ಎಂಬ ಕಟ್ಟಡದ ವಂಶವೃಕ್ಷದಲ್ಲಿ ಅದು ಅಜ್ಜನ ಸ್ಥಾನದಲ್ಲಿದೆ. 2004ರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಫೋರಂ ಮಾಲ್ ತೆರೆದಾಗ, ಕೊಳ್ಳುವ ಉದ್ದೇಶವೇ ಇಲ್ಲದೆ ಸುಮ್ಮನೆ ತಿರುಗಾಡಲು ನಮ್ಮಲ್ಲೂ ಎಷ್ಟೋ ಜನ ಹೋದರಲ್ಲ, ಆ ತಿರುಗಾಟದ ಹಿಂದಿರುವ ಕಲ್ಪನೆ ಹುಟ್ಟಿದ್ದು ಇಂಥ ಕಡೆಗಳಲ್ಲಿ. ಆ ಕಲ್ಪನೆ ಯಾರದು, ಅದು ಏನಾಗಬೇಕೆಂದಿತ್ತು, ಏನಾಯಿತು ಎಂಬುದನ್ನು ತಿಳಿಯುವುದು ಲಾಭನಷ್ಟದ ಲೆಕ್ಕಕ್ಕಿಂತ ದೊಡ್ಡ ವಿಷಯ.

ಎಂಟು ಡಾಲರಿನ ಮನುಷ್ಯ

ವಿಕ್ಟರ್ ಗ್ರುಯೆನ್ 1903ರಲ್ಲಿ ವಿಯೆನ್ನಾ ನಗರದ ಯಹೂದಿ ಕುಟುಂಬದಲ್ಲಿ ಹುಟ್ಟಿದವನು. ಅಂದು ಅವನ ಹೆಸರು ವಿಕ್ಟರ್ ಗ್ರ್ಯೂನ್‌ಬಾಮ್. ಓದಿದ್ದು ವಾಸ್ತುಶಿಲ್ಪ. ಮನಸ್ಸಿದ್ದದ್ದು ರಾಜಕೀಯ ಮತ್ತು ನಾಟಕದಲ್ಲಿ. ಸಮಾಜವಾದಿ ಗೆಳೆಯರೊಂದಿಗೆ ಸೇರಿ ರಾಜಕಾರಣಿಗಳನ್ನು ಗೇಲಿ ಮಾಡುವ ರಂಗಪ್ರಯೋಗಗಳಲ್ಲಿ ಬರೆಯುತ್ತಿದ್ದ, ನಟಿಸುತ್ತಿದ್ದ. 1938ರ ಮಾರ್ಚ್‌ನಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾದೊಳಗೆ ನುಗ್ಗಿದಾಗ ಇಂಥವನಿಗೆ ಆ ನಗರದಲ್ಲಿ ಉಳಿಗಾಲವಿರಲಿಲ್ಲ. ನಾಜಿ ಸಮವಸ್ತ್ರ ತೊಟ್ಟ ಗೆಳೆಯನೊಬ್ಬ ಅವನನ್ನು ವಿಮಾನ ನಿಲ್ದಾಣಕ್ಕೆ ತಲುಪಿಸಿದನೆಂದು ಹೇಳುತ್ತಾರೆ. ನ್ಯೂಯಾರ್ಕಿಗೆ ಬಂದಿಳಿದಾಗ ಕೈಯಲ್ಲಿದ್ದದ್ದು ಒಂದು ಪದವಿ ಮತ್ತು ಎಂಟು ಡಾಲರು. ಇಂಗ್ಲಿಷ್ ಬರುತ್ತಿರಲಿಲ್ಲವೆಂಬುದು ಅವನ ಕುರಿತ ಬರಹಗಳಲ್ಲೆಲ್ಲ ಬರುವ ಮಾತು. ಹೆಸರನ್ನು ಗ್ರುಯೆನ್ ಎಂದು ಮೊಟಕುಗೊಳಿಸಿಕೊಂಡ. ಅಂಗಡಿಗಳ ಮುಂಭಾಗವನ್ನು ಅಂದಗೊಳಿಸುವ ಕೆಲಸದಿಂದ ಬದುಕು ಕಟ್ಟಿಕೊಂಡ.

ಊರು ಬಿಟ್ಟು ಓಡಿದವನು ಬಿಟ್ಟ ಊರನ್ನು ಮರೆಯುವುದಿಲ್ಲ. ಈ ಮಾತು ದೇಶ ವಿಭಜನೆಯ ಕತೆಗಳನ್ನು ಕೇಳಿ ಬೆಳೆದ ನಮಗೆ ಹೊಸದಲ್ಲ. ಗ್ರುಯೆನ್ ಅಮೆರಿಕದಲ್ಲಿ ಕಂಡದ್ದು ಕಾರುಗಳನ್ನು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ನಗರಗಳ ಹೊರಗೆ ಮೈಲಿಗಟ್ಟಲೆ ಒಂದೇ ಬಗೆಯ ಮನೆಗಳು ಎದ್ದವು. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಶಾಲೆಗೆ ಎಲ್ಲಕ್ಕೂ ಕಾರು. ರಸ್ತೆಯ ಇಕ್ಕೆಲಗಳಲ್ಲಿ ಕಣ್ಣು ಕುಕ್ಕುವ ಬೋರ್ಡುಗಳು. ಎರಡು ಮಾತಾಡಲು ನಿಲ್ಲುವ ಜಾಗವೇ ಇಲ್ಲ. ಅವನಿಗೆ ನೆನಪಿದ್ದದ್ದು ವಿಯೆನ್ನಾದ ಬೀದಿಗಳು. ಕಾಫಿ ಅಂಗಡಿಯಲ್ಲಿ ಗಂಟೆಗಟ್ಟಲೆ ಕೂತು ಪತ್ರಿಕೆ ಓದುವ, ವಾದ ಮಾಡುವ ಜನ. ಕಾಲ್ನಡಿಗೆಯಲ್ಲಿ ದಾಟುವ ಚೌಕಗಳು. ಅಂಥದೊಂದು ಚೌಕವನ್ನು ಈ ಕಾರಿನ ದೇಶದಲ್ಲಿ ಕಟ್ಟಬೇಕೆಂಬುದು ಅವನ ಹುಚ್ಚು. ಕಟ್ಟಲು ಹಣ ಹಾಕುವವರು ಯಾರು? ಸರ್ಕಾರವಲ್ಲ. ಹಣವಿದ್ದದ್ದು ದೊಡ್ಡ ಅಂಗಡಿಯ ಮಾಲೀಕರಲ್ಲಿ. ಅಲ್ಲಿಂದಲೇ ಈ ಕತೆಯ ಎಲ್ಲ ತೊಡಕುಗಳು ಶುರುವಾಗುತ್ತವೆ.

ಡೆಟ್ರಾಯಿಟ್ ನಗರದ ನಡುವೆ, ವುಡ್‌ವರ್ಡ್ ಅವೆನ್ಯೂದಲ್ಲಿ, ಹಡ್ಸನ್ಸ್ ಎಂಬ ಅಂಗಡಿಯಿತ್ತು. 1881ರಲ್ಲಿ ಜೋಸೆಫ್ ಹಡ್ಸನ್ ಶುರುಮಾಡಿದ್ದು. ಬೆಳೆದು ಬೆಳೆದು ಅದು 20 ಲಕ್ಷ ಚದರ ಅಡಿಗಿಂತ ಹೆಚ್ಚು ವಿಸ್ತಾರದ, ಆಕಾಶಕ್ಕೇರಿದ ಇಟ್ಟಿಗೆಯ ಕಟ್ಟಡವಾಗಿತ್ತು. ಸೂಜಿಯಿಂದ ಹಿಡಿದು ಸೋಫಾದವರೆಗೆ ಎಲ್ಲವೂ ಒಂದೇ ಸೂರಿನಡಿ. ಡೆಟ್ರಾಯಿಟ್ ಅಂದು ಕಾರು ತಯಾರಿಕೆಯ ರಾಜಧಾನಿ. 1950ರ ಜನಗಣತಿಯಲ್ಲಿ ಅದರ ಜನಸಂಖ್ಯೆ 18 ಲಕ್ಷ 49 ಸಾವಿರ ಮೀರಿತ್ತು. ಹಬ್ಬ ಬಂತೆಂದರೆ ಇಡೀ ಊರು ಹಡ್ಸನ್ಸ್ ಮುಂದೆ. ಗ್ರುಯೆನ್ ಈ ಅಂಗಡಿಯ ಮುಖ್ಯಸ್ಥ ಆಸ್ಕರ್ ವೆಬರ್‌ಗೆ ಹೇಳಿದ್ದು ಇಷ್ಟೇ: ನಿಮ್ಮ ಗಿರಾಕಿಗಳು ಊರ ಹೊರಗೆ ಹೋಗಿ ನೆಲೆಸುತ್ತಿದ್ದಾರೆ, ನೀವೂ ಹೋಗಿ. ಆದರೆ ರಸ್ತೆ ಬದಿಯಲ್ಲಿ ಒಂದು ಡಬ್ಬಿ ಇಟ್ಟು ಕೂರಬೇಡಿ, ಊರೊಂದನ್ನೇ ಕಟ್ಟಿ. ಊರ ಸುತ್ತ ನಾಲ್ಕು ದಿಕ್ಕಿಗೆ ನಾಲ್ಕು ಸೆಂಟರುಗಳೆಂಬ ಯೋಜನೆ ಹಾಗೆ ಹುಟ್ಟಿತು. ಮೊದಲು ಮುಗಿದದ್ದು ಉತ್ತರದ್ದು, ನಾರ್ತ್‌ಲ್ಯಾಂಡ್.

ಎಂಟನೇ ಮೈಲಿಯ ಆಚೆ

1954ರ ಮಾರ್ಚ್ 22ರಂದು ನಾರ್ತ್‌ಲ್ಯಾಂಡ್ ತೆರೆಯಿತು. ಖರ್ಚು ಸುಮಾರು 3 ಕೋಟಿ ಡಾಲರ್. ಅಂದಿನ ಮಟ್ಟಿಗೆ ಅಮೆರಿಕದ ಅತಿ ದೊಡ್ಡ ಶಾಪಿಂಗ್ ಸೆಂಟರ್. ಇಂದಿನ ಮಾಲ್‌ಗಳನ್ನು ಕಂಡವರಿಗೆ ಅದು ಬೇರೆಯೇ ಆಗಿ ಕಾಣುತ್ತಿತ್ತು, ಯಾಕೆಂದರೆ ಅದಕ್ಕೆ ಮೇಲ್ಛಾವಣಿ ಇರಲಿಲ್ಲ. ನಡುವೆ ಹಡ್ಸನ್ಸ್‌ನ ದೊಡ್ಡ ಕಟ್ಟಡ. ಅದರ ಸುತ್ತ ಹಾರದಂತೆ ಸಣ್ಣ ಅಂಗಡಿಗಳ ಸಾಲು. ನಡುನಡುವೆ ಬಯಲಂಗಳ, ಹೂವಿನ ಮಡಿ, ಕಾರಂಜಿ, ಕೂರಲು ಬೆಂಚು. ಮಳೆ ಬಂದರೆ ನಡೆದುಹೋಗಲು ಕಂಬಗಳ ಮೇಲೆ ನಿಂತ ಚಪ್ಪರದ ಹಾದಿ. ಸಾಮಾನು ತರುವ ಲಾರಿಗಳು ಕಣ್ಣಿಗೆ ಬೀಳದಂತೆ ನೆಲದಡಿ ಸುರಂಗಗಳಲ್ಲಿ ಓಡಾಡುತ್ತಿದ್ದವು. ಕಾರುಗಳು ಹೊರಗೇ ನಿಲ್ಲಬೇಕು. ಒಳಗೆ ನಡೆಯುವವನೇ ದೊರೆ. ಅಂಗಳಗಳಲ್ಲಿ ನಿಲ್ಲಿಸಲು ಕಲಾವಿದರಿಂದ ಶಿಲ್ಪಗಳನ್ನು ಮಾಡಿಸಿದರು. ನಮ್ಮ ಕರಡಿ ಮತ್ತು ಹುಡುಗ ಬಂದದ್ದು ಹೀಗೆ.

ಜನ ಮುಗಿಬಿದ್ದರು. ವ್ಯಾಪಾರವೂ ಚೆನ್ನಾಗಿ ನಡೆಯಿತು. ಎರಡೇ ವರ್ಷಗಳಲ್ಲಿ, 1956ರ ಅಕ್ಟೋಬರಿನಲ್ಲಿ, ಮಿನೆಸೋಟ ರಾಜ್ಯದ ಈಡೈನಾ ಎಂಬಲ್ಲಿ ಗ್ರುಯೆನ್ ಸೌತ್‌ಡೇಲ್ ಕಟ್ಟಿದ. ಅಲ್ಲಿನ ಚಳಿಗೆ ಅಂಜಿ ಅದಕ್ಕೆ ಪೂರ್ತಿ ಮಾಡು ಹಾಕಿ, ಒಳಗೆ ವರ್ಷವಿಡೀ ಒಂದೇ ಹವೆ ಇರುವಂತೆ ಮಾಡಿದ. ನಾವು ಇಂದು ಮಾಲ್ ಎನ್ನುವುದು ಅದನ್ನೇ. ಮುಂದಿನ ಮೂವತ್ತು ವರ್ಷ ಅದರ ನಕಲುಗಳು ಅಮೆರಿಕದ ತುಂಬ ಎದ್ದವು. ಕಟ್ಟಲು ನೆಪಗಳೂ ಇದ್ದವು. 1954ರ ತೆರಿಗೆ ಕಾನೂನು ಹೊಸ ವಾಣಿಜ್ಯ ಕಟ್ಟಡಗಳ ಸವೆತದ ಲೆಕ್ಕವನ್ನು ಮೊದಲ ವರ್ಷಗಳಲ್ಲೇ ಹೆಚ್ಚಾಗಿ ತೋರಿಸಲು ಬಿಟ್ಟಿತು. ಅಂದರೆ ಹೊಸದಾಗಿ ಕಟ್ಟುವವನಿಗೆ ತೆರಿಗೆ ಕಡಿಮೆ. 1956ರ ಹೆದ್ದಾರಿ ಕಾನೂನು ಸರ್ಕಾರದ ಹಣದಲ್ಲಿ ರಸ್ತೆ ಹಾಸಿಕೊಟ್ಟಿತು. ಹಳೆಯದನ್ನು ರಿಪೇರಿ ಮಾಡುವುದಕ್ಕಿಂತ ಊರ ಹೊರಗೆ ಹೊಸದು ಕಟ್ಟುವುದೇ ಲಾಭವೆಂದಾದ ಮೇಲೆ ಯಾರು ಬಿಡುತ್ತಾರೆ?

ಆದರೆ ನಾರ್ತ್‌ಲ್ಯಾಂಡ್ ನಿಂತ ಜಾಗವನ್ನು ನಾವು ಭೂಪಟದಲ್ಲಿ ನೋಡಬೇಕು. ಡೆಟ್ರಾಯಿಟ್ ನಗರದ ಉತ್ತರದ ಗಡಿ ಎಂಟನೇ ಮೈಲಿ ರಸ್ತೆ. ನಾರ್ತ್‌ಲ್ಯಾಂಡ್ ಅದರ ಆಚೆ ದಡದಲ್ಲಿತ್ತು. ಬಹುಕಾಲ ಆ ರಸ್ತೆ ಬರಿಯ ರಸ್ತೆಯಾಗಿರಲಿಲ್ಲ. ಈಚೆ ಕಪ್ಪು ಜನ, ಆಚೆ ಬಿಳಿಯರು ಎಂಬ ಗೆರೆಯಾಗಿತ್ತು. ಅದನ್ನು ಎಳೆದದ್ದು ಜನರ ದ್ವೇಷ ಮಾತ್ರವಲ್ಲ, ಸರ್ಕಾರದ ಕಡತ ಕೂಡ. 1934ರಲ್ಲಿ ಹುಟ್ಟಿದ ಕೇಂದ್ರ ಸರ್ಕಾರದ ಗೃಹಸಾಲ ಇಲಾಖೆ ಕಪ್ಪು ಜನರಿದ್ದ ಮೊಹಲ್ಲಾಗಳ ಸಾಲಕ್ಕೆ ಭದ್ರತೆ ಕೊಡುತ್ತಿರಲಿಲ್ಲ. ಅವರ ಪಕ್ಕದಲ್ಲಿದ್ದ ಜಾಗಗಳಿಗೂ ಹಿಂದೇಟು ಹಾಕುತ್ತಿತ್ತು. 1941ರಲ್ಲಿ ಎಂಟನೇ ಮೈಲಿಯ ಬಳಿ ಬಿಳಿಯರಿಗೆ ಮನೆ ಕಟ್ಟಿ ಮಾರಲು ಹೊರಟ ಒಬ್ಬ ಬಿಲ್ಡರು ಇದಕ್ಕೊಂದು ಉಪಾಯ ಹುಡುಕಿದ. ಕಪ್ಪು ಜನರ ಮನೆಗಳಿಗೂ ತನ್ನ ಜಾಗಕ್ಕೂ ನಡುವೆ ಆರಡಿ ಎತ್ತರದ, ಅರ್ಧ ಮೈಲಿ ಉದ್ದದ ಕಾಂಕ್ರೀಟು ಗೋಡೆ ಕಟ್ಟಿಸಿದ. ಗೋಡೆ ಎದ್ದ ಮೇಲೆ ಇಲಾಖೆ ಸಾಲಕ್ಕೆ ಒಪ್ಪಿತು. ಆ ಗೋಡೆ ಇಂದಿಗೂ ಇದೆ. ಈಗ ಅದರ ಮೇಲೆ ಬಣ್ಣಬಣ್ಣದ ಚಿತ್ರ ಬರೆದಿದ್ದಾರೆ. ನಾರ್ತ್‌ಲ್ಯಾಂಡ್ ಅಲ್ಲಿಂದ ಕೆಲವೇ ಮೈಲಿ.

ಅಂದರೆ ಗ್ರುಯೆನ್‌ನ ಚೌಕ ಯಾರಿಗಾಗಿ ತೆರೆದದ್ದು ಎಂಬುದು ಅವನು ನಕ್ಷೆ ಬರೆಯುವ ಮೊದಲೇ ತೀರ್ಮಾನವಾಗಿತ್ತು. ಕಪ್ಪು ಜನರು ಬಂದು ಕೊಳ್ಳಬಾರದೆಂದು ನಾರ್ತ್‌ಲ್ಯಾಂಡ್‌ನ ಬಾಗಿಲಲ್ಲಿ ಯಾರೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಆ ಕಡೆ ಅವರಿಗೆ ಮನೆ ಮಾರುವವರಿರಲಿಲ್ಲ. ಯಹೂದಿಗಳೆಂಬ ಕಾರಣಕ್ಕೆ ಮನೆ ಕಳೆದುಕೊಂಡು ಬಂದವನೊಬ್ಬ ಕಟ್ಟಿದ ಚೌಕಕ್ಕೆ, ಕಪ್ಪು ಜನರೆಂಬ ಕಾರಣಕ್ಕೆ ಮನೆ ಸಿಗದ ಜಾಗವೇ ತಳಹದಿಯಾಯಿತು. ಇದಕ್ಕೆ ಗ್ರುಯೆನ್‌ನೊಬ್ಬನನ್ನೇ ದೂರುವುದು ಸರಿಯಲ್ಲ. ಆದರೆ ಬಿಟ್ಟು ಹೇಳುವುದೂ ಸರಿಯಲ್ಲ.

ಇತ್ತ ಊರ ನಡುವಿನ ಹಳೆಯ ಹಡ್ಸನ್ಸ್ ಏನಾಯಿತು? ತಾಯಿಯ ಎದೆಹಾಲನ್ನು ಮಕ್ಕಳು ಹೀರಿದಂತೆ, ಅದರ ವ್ಯಾಪಾರವನ್ನು ಅದರದೇ ಶಾಖೆಗಳು ಹೀರಿದವು. ಐವತ್ತರ ದಶಕದ ಮೊದಲ ವರ್ಷಗಳಲ್ಲಿ ಉತ್ತುಂಗದಲ್ಲಿದ್ದ ಮಾರಾಟ ಆಮೇಲೆ ಇಳಿಯುತ್ತಲೇ ಹೋಯಿತು. 1957ರಲ್ಲಿ ಪೂರ್ವಕ್ಕೆ ಈಸ್ಟ್‌ಲ್ಯಾಂಡ್, 1965ರಲ್ಲಿ ಪಶ್ಚಿಮಕ್ಕೆ ವೆಸ್ಟ್‌ಲ್ಯಾಂಡ್, 1970ರಲ್ಲಿ ದಕ್ಷಿಣಕ್ಕೆ ಸೌತ್‌ಲ್ಯಾಂಡ್ ತೆರೆದವು. 1983ರ ಜನವರಿಯಲ್ಲಿ ವುಡ್‌ವರ್ಡ್ ಅವೆನ್ಯೂದ ಅಂಗಡಿ ಬಾಗಿಲು ಹಾಕಿತು. ಹದಿನೈದು ವರ್ಷ ಖಾಲಿ ನಿಂತ ಕಟ್ಟಡವನ್ನು 1998ರ ಅಕ್ಟೋಬರ್ 24ರಂದು ಸಿಡಿಮದ್ದು ಇಟ್ಟು ಕೆಡವಿದರು. ಆದರೆ ಹಳೆಯ ಊರ ನಡುವೆ ಎಲ್ಲವೂ ಚೆನ್ನಾಗಿತ್ತು ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಅಂದಿನ ದೊಡ್ಡ ಅಂಗಡಿಗಳಲ್ಲಿ ಕಪ್ಪು ಹೆಂಗಸರಿಗೆ ಲಿಫ್ಟ್ ನಡೆಸುವ ಕೆಲಸ ಸಿಗುತ್ತಿತ್ತು, ಕೌಂಟರಿನ ಹಿಂದೆ ನಿಂತು ಮಾರುವ ಕೆಲಸ ಬಹುಕಾಲ ಸಿಗುತ್ತಿರಲಿಲ್ಲ. ಆದರೂ ಊರ ನಡುವಿನ ಬೀದಿ ಬೀದಿಯೇ. ಅಲ್ಲಿ ನಿಲ್ಲಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಚೌಕದ ಮಾಲೀಕ ಯಾರು?

ಈ ಅಪ್ಪಣೆಯ ಪ್ರಶ್ನೆ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಬಜಾರಿನಲ್ಲಿ ನಿಂತು ಕರಪತ್ರ ಹಂಚುವುದು, ಭಾಷಣ ಮಾಡುವುದು, ಅಂಗಡಿಯ ಮುಂದೆ ಕೆಲಸಗಾರರು ಘೋಷಣೆ ಕೂಗುವುದು ಯಾವ ದೇಶದಲ್ಲೂ ಊರಬದುಕಿನ ಭಾಗ. ಬಜಾರೇ ಮಾಲ್‌ನೊಳಗೆ ಹೋದರೆ? 1968ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಶಾಪಿಂಗ್ ಸೆಂಟರು ಊರ ಪೇಟೆಯ ಕೆಲಸವನ್ನೇ ಮಾಡುವುದರಿಂದ ಅಲ್ಲಿ ಕಾರ್ಮಿಕರು ಪ್ರತಿಭಟಿಸಬಹುದು ಎಂದಿತು. ನಾಲ್ಕೇ ವರ್ಷಗಳಲ್ಲಿ ಗಾಳಿ ತಿರುಗಿತು. ಪೋರ್ಟ್‌ಲ್ಯಾಂಡ್ ನಗರದ ಲಾಯ್ಡ್ ಸೆಂಟರ್ ಎಂಬ ಮಾಲ್‌ನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಕರಪತ್ರ ಹಂಚಿದವರ ಮೊಕದ್ದಮೆಯಲ್ಲಿ, 1972ರಲ್ಲಿ, ಐವರು ನ್ಯಾಯಾಧೀಶರು ಮಾಲೀಕನ ಪರ, ನಾಲ್ವರು ವಿರುದ್ಧ. ಮಾಲ್ ಖಾಸಗಿ ಸೊತ್ತು, ಬೇಡವೆಂದರೆ ಹೊರಡಬೇಕು ಎಂಬುದು ತೀರ್ಪು. 1976ರಲ್ಲಿ ಹಳೆಯ ತೀರ್ಪು ಪೂರ್ತಿ ಬಿದ್ದುಹೋಯಿತು. 1980ರಲ್ಲಿ, ರಾಜ್ಯಗಳು ಬೇಕಿದ್ದರೆ ತಮ್ಮ ಸಂವಿಧಾನದಡಿ ಹೆಚ್ಚಿನ ಹಕ್ಕು ಕೊಡಬಹುದು ಎಂಬ ಸಣ್ಣ ಕಿಂಡಿಯನ್ನು ಅದೇ ಕೋರ್ಟು ತೆರೆಯಿತು. ಮಿಶಿಗನ್ ರಾಜ್ಯದ ಸುಪ್ರೀಂ ಕೋರ್ಟು 1985ರಲ್ಲಿ ಆ ಕಿಂಡಿಯನ್ನೂ ಮುಚ್ಚಿತು. ಹೀಗೆ ಗ್ರುಯೆನ್ ಚೌಕವೆಂದು ಕಟ್ಟಿದ್ದು ಕಾನೂನಿನ ಕಣ್ಣಲ್ಲಿ ಯಾರದೋ ಮನೆಯ ಜಗಲಿಯಾಯಿತು. ಕೂರಬಹುದು, ಮನೆಯವರು ಏಳು ಎನ್ನುವವರೆಗೆ.

ಈ ನಡುವೆ ಊರ ಜನವೇ ಬದಲಾಗುತ್ತಿದ್ದರು. 1967ರ ಜುಲೈಯಲ್ಲಿ ಡೆಟ್ರಾಯಿಟ್ ಹೊತ್ತಿ ಉರಿಯಿತು. 43 ಜನ ಸತ್ತರು. ಮೊದಲೇ ಊರು ಬಿಡುತ್ತಿದ್ದ ಬಿಳಿಯರು ಇನ್ನೂ ವೇಗವಾಗಿ ಬಿಟ್ಟರು. 1968ರಲ್ಲಿ ಮನೆ ಮಾರಾಟದಲ್ಲಿ ವರ್ಣಭೇದವನ್ನು ನಿಷೇಧಿಸುವ ಕಾನೂನು ಬಂತು. ನಗರದ ಮತ್ತು ಸುತ್ತಲಿನ ಉಪನಗರಗಳ ಮಕ್ಕಳನ್ನು ಬೆರೆಸಿ ಶಾಲೆ ನಡೆಸಬೇಕೆಂಬ ಕೆಳಗಿನ ಕೋರ್ಟಿನ ಆಜ್ಞೆಯನ್ನು 1974ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. ಆ ಮೊಕದ್ದಮೆ ಹುಟ್ಟಿದ್ದು ಡೆಟ್ರಾಯಿಟ್‌ನಲ್ಲೇ. ಎಂಟನೇ ಮೈಲಿಯ ಗೆರೆಗೆ ದೇಶದ ಅತ್ಯುನ್ನತ ನ್ಯಾಯಾಲಯದ ಮುದ್ರೆ ಬಿದ್ದಂತಾಯಿತು. ಮಕ್ಕಳಿಗೆ ಒಳ್ಳೆಯ ಶಾಲೆ ಬೇಕೆಂದರೆ ಗೆರೆ ದಾಟಿ ಹೋಗುವುದೊಂದೇ ದಾರಿ. ಕಾರು ಕಾರ್ಖಾನೆಗಳಲ್ಲಿ, ಶಾಲೆಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ದುಡಿದು ಕೈಯಲ್ಲಿ ನಾಲ್ಕು ಕಾಸು ಕಂಡ ಕಪ್ಪು ಕುಟುಂಬಗಳು ಹಾಗೆಯೇ ಮಾಡಿದವು. ಸೌತ್‌ಫೀಲ್ಡ್‌ನಲ್ಲಿ 2000ದ ಜನಗಣತಿಯ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಜನ ಕಪ್ಪು ಅಮೆರಿಕನ್ನರು. 2010ರ ಹೊತ್ತಿಗೆ ಶೇಕಡ 70. 2001ರಲ್ಲಿ ಬ್ರೆಂಡಾ ಲಾರೆನ್ಸ್ ಆ ಊರಿನ ಮೇಯರ್ ಆಗಿ ಆರಿಸಿಬಂದರು. ಆ ಸ್ಥಾನಕ್ಕೇರಿದ ಮೊದಲ ಕಪ್ಪು ಮಹಿಳೆ ಅವರು.

ಎಪ್ಪತ್ತರ ದಶಕದ ನಡುವೆ ನಾರ್ತ್‌ಲ್ಯಾಂಡ್‌ಗೂ ಮಾಡು ಬಂತು. ಬಯಲಂಗಳಗಳು ಒಳಾಂಗಣಗಳಾದವು. ಡೆಟ್ರಾಯಿಟ್‌ನಿಂದ ಬಸ್ಸು ಹಿಡಿದು ಬರುವ ಹುಡುಗ ಹುಡುಗಿಯರಿಗೆ, ಶನಿವಾರ ಮಕ್ಕಳನ್ನು ಕರೆತರುವ ತಾಯಂದಿರಿಗೆ, ಬೆಳಗ್ಗೆ ವಾಕಿಂಗಿಗೆ ಬರುವ ಹಿರಿಯರಿಗೆ ಅದು ತಮ್ಮದೇ ಜಾಗವಾಯಿತು. ಒಂದು ರೀತಿಯಲ್ಲಿ ನೋಡಿದರೆ ಗ್ರುಯೆನ್ ಕಂಡ ಕನಸು ನಿಜವಾಗಿ ಕೈಗೂಡಿದ್ದು ಈ ವರ್ಷಗಳಲ್ಲೇ. ಯಾರನ್ನು ಹೊರಗಿಟ್ಟು ಆ ಚೌಕ ಹುಟ್ಟಿತ್ತೋ ಅವರೇ ಅದನ್ನು ಚೌಕವಾಗಿ ಬಾಳಿಸಿದರು.

ಆದರೆ ಬಂಡವಾಳಕ್ಕೆ ಚೌಕ ಬೇಕಿರಲಿಲ್ಲ. ನಾರ್ತ್‌ಲ್ಯಾಂಡ್ ವುಡ್‌ವರ್ಡ್ ಅವೆನ್ಯೂಗೆ ಮಾಡಿದ್ದನ್ನು ಬೇರೆ ಮಾಲ್‌ಗಳು ನಾರ್ತ್‌ಲ್ಯಾಂಡ್‌ಗೆ ಮಾಡಿದವು. ಡಿಯರ್‌ಬಾರ್ನ್‌ನಲ್ಲಿ 1976ರಲ್ಲಿ ಫೇರ್‌ಲೇನ್, ನೋವಿಯಲ್ಲಿ 1977ರಲ್ಲಿ ಟ್ವೆಲ್ವ್ ಓಕ್ಸ್ ಬಂದವು; ಟ್ರಾಯ್ ಊರಿನ ಸಾಮರ್ಸೆಟ್ ಶ್ರೀಮಂತರ ಮಾಲ್ ಆಗಿ ಬೆಳೆಯಿತು. ಬಿಳಿಯ ಮಧ್ಯಮವರ್ಗ ಇನ್ನೂ ಉತ್ತರಕ್ಕೆ, ಇನ್ನೂ ಪಶ್ಚಿಮಕ್ಕೆ ಸರಿದಂತೆ ಒಳ್ಳೆಯ ಅಂಗಡಿಗಳೂ ಸರಿದವು. ಉಳಿದವರು ಬಡವರಾಗಿದ್ದರಿಂದ ಅಂಗಡಿ ಹೋಯಿತು ಎನ್ನುವುದು ಪೂರ್ತಿ ನಿಜವಲ್ಲ. ಸೌತ್‌ಫೀಲ್ಡ್‌ನ ಕಪ್ಪು ಕುಟುಂಬಗಳಲ್ಲಿ ಶಿಕ್ಷಕರು, ನರ್ಸುಗಳು, ಎಂಜಿನಿಯರುಗಳು, ವಕೀಲರು ಇದ್ದರು. ಜೆಸಿ ಪೆನ್ನಿ 2000ದಲ್ಲಿ ಹೋಯಿತು. 2001ರಲ್ಲಿ ಹಡ್ಸನ್ಸ್ ಎಂಬ ಹೆಸರನ್ನೇ ಅಳಿಸಿ ಮಾರ್ಷಲ್ ಫೀಲ್ಡ್ಸ್ ಎಂದಿಟ್ಟರು. 2006ರಲ್ಲಿ ಅದನ್ನೂ ಅಳಿಸಿ ಮೇಸೀಸ್ ಎಂದರು. ಆಮೇಲೆ 2008ರ ಆರ್ಥಿಕ ಕುಸಿತ. 2009ರಲ್ಲಿ ಜನರಲ್ ಮೋಟರ್ಸ್ ಮತ್ತು ಕ್ರೈಸ್ಲರ್ ದಿವಾಳಿ. 2013ರಲ್ಲಿ ಡೆಟ್ರಾಯಿಟ್ ನಗರಸಭೆಯೇ ದಿವಾಳಿ. ಇಂಟರ್‌ನೆಟ್ ವ್ಯಾಪಾರವೇ ಮಾಲ್‌ಗಳನ್ನು ಕೊಂದಿತು ಎಂದು ಹೇಳುವವರಿದ್ದಾರೆ. ನಾರ್ತ್‌ಲ್ಯಾಂಡ್ ಅದಕ್ಕೆ ಎಷ್ಟೋ ಮೊದಲೇ ಹಾಸಿಗೆ ಹಿಡಿದಿತ್ತು.

2014ರ ಜನವರಿಯಲ್ಲಿ ಅಲ್ಲಿ ನಡೆದ ಒಂದು ಘಟನೆಯನ್ನು ನಾವು ಮರೆಯುವಂತಿಲ್ಲ. ಇಪ್ಪತ್ತೈದು ವರ್ಷದ ಒಬ್ಬ ಕಪ್ಪು ಯುವಕನಿಗೆ ಮಾಲ್‌ನಿಂದ ಹೊರಡುವಂತೆ ಕಾವಲುಗಾರರು ಹೇಳಿದರು. ಅವನು ಹೊರಡಲಿಲ್ಲ. ಮುಖಕ್ಕೆ ಮೆಣಸಿನ ದ್ರಾವಣ ಎರಚಿ, ನೆಲಕ್ಕೆ ಕೆಡವಿ, ಮೈಮೇಲೆ ಭಾರ ಹಾಕಿ ಹಿಡಿದರು. ಉಸಿರಾಡಲು ಆಗುತ್ತಿಲ್ಲವೆಂದು ಅವನು ಹೇಳಿದ. ಅವನ ಪ್ರಾಣ ಹೋಯಿತು. ಏಳು ವರ್ಷಗಳ ಮೇಲೆ, 2021ರಲ್ಲಿ, ರಾಜ್ಯದ ಅಟಾರ್ನಿ ಜನರಲ್ ನಾಲ್ವರು ಕಾವಲುಗಾರರ ಮೇಲೆ ನರಹತ್ಯೆಯ ಆರೋಪ ಹೊರಿಸಿದರು. ಮಾಲ್ ಸತ್ತದ್ದು ಈ ಸಾವಿನಿಂದಲ್ಲ. ಆದರೆ ಜಗಲಿಯಿಂದ ಏಳು ಎನ್ನುವ ಹಕ್ಕು ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮುಚ್ಚಿದ ಮೇಲೆ

ಅದೇ ವರ್ಷ ಮಾಲೀಕರು ಸಾಲದ ಕಂತು ಕಟ್ಟದೆ ಮಾಲ್ ಕೋರ್ಟಿನ ಉಸ್ತುವಾರಿಗೆ ಹೋಯಿತು. 2015ರ ಮೊದಲ ತಿಂಗಳುಗಳಲ್ಲಿ ಟಾರ್ಗೆಟ್ ಹೊರಟಿತು, ಮಾರ್ಚ್‌ನಲ್ಲಿ ಮೇಸೀಸ್. ದೊಡ್ಡ ಅಂಗಡಿಗಳು ಹೋದ ಮೇಲೆ ದೀಪ ಉರಿಸುವ ಖರ್ಚೂ ಹುಟ್ಟಲಿಲ್ಲ. ಏಪ್ರಿಲ್‌ನಲ್ಲಿ ನಾರ್ತ್‌ಲ್ಯಾಂಡ್ ಶಾಶ್ವತವಾಗಿ ಮುಚ್ಚಿತು. ಆಯಸ್ಸು 61 ವರ್ಷ. ಕಟ್ಟಲು 3 ಕೋಟಿ ಡಾಲರ್ ಹಿಡಿದಿದ್ದ ಆ ಜಾಗವನ್ನು ಅದೇ ವರ್ಷದ ಅಕ್ಟೋಬರಿನಲ್ಲಿ ಸೌತ್‌ಫೀಲ್ಡ್ ನಗರಸಭೆ 24 ಲಕ್ಷ ಡಾಲರಿಗೆ ಕೊಂಡಿತು.

ಈ ಖರೀದಿಯ ಅರ್ಥವನ್ನು ಬಿಡಿಸಿ ನೋಡಬೇಕು. ಅರವತ್ತು ವರ್ಷ ಲಾಭವಿದ್ದಾಗ ಅದು ಖಾಸಗಿ ಸೊತ್ತು. ಅಲ್ಲಿ ಯಾರು ನಿಲ್ಲಬೇಕು, ಯಾರು ಹೊರಡಬೇಕು ಎಂಬುದು ಮಾಲೀಕನ ಮರ್ಜಿ. ಲಾಭ ಬತ್ತಿದ ಮೇಲೆ ಅದು ಊರವರ ಹೊರೆ. ನೂರಕ್ಕೂ ಹೆಚ್ಚು ಎಕರೆಯ ಖಾಲಿ ಕಟ್ಟಡ, ಹಳೆಯ ಕಟ್ಟಡಗಳಲ್ಲಿ ಬಳಸುತ್ತಿದ್ದ ವಿಷಕಾರಿ ಕಲ್ನಾರು, ನೆಲದಡಿಯ ಸುರಂಗಗಳು, ಕುರಿಕಾಯುವಷ್ಟು ದೊಡ್ಡ ಡಾಂಬರು ಬಯಲು. ಇದನ್ನು ಹಾಗೇ ಬಿಟ್ಟರೆ ಸುತ್ತಲ ಮನೆಗಳ ಬೆಲೆ ಬೀಳುತ್ತದೆ. ಜೀವಮಾನದ ಉಳಿತಾಯ ಹಾಕಿ ಗೆರೆ ದಾಟಿ ಬಂದಿದ್ದ ಕುಟುಂಬಗಳೇ ಮುಳುಗುತ್ತವೆ. ಹಾಗಾಗಿ ನಗರಸಭೆ ಕೈಹಾಕಿತು, ಮಾಲ್‌ನ ಬಹುಭಾಗವನ್ನು ಕೆಡವಿಸಿತು, ಹಳೆಯ ಹಡ್ಸನ್ಸ್ ಕಟ್ಟಡವನ್ನು ಉಳಿಸಿಕೊಂಡಿತು. 2021ರಲ್ಲಿ ಒಂದು ಖಾಸಗಿ ಸಂಸ್ಥೆಗೆ ಜಾಗವನ್ನು ಮಾರಿತು. ಯೋಜನೆಯ ಅಂದಾಜು 40 ಕೋಟಿ ಡಾಲರಿಗೂ ಹೆಚ್ಚು. ಬಾಡಿಗೆಗೆ ನೂರಾರು ಅಪಾರ್ಟ್‌ಮೆಂಟುಗಳು, ಕೆಳಗೆ ಅಂಗಡಿ, ನಡುವೆ ನಡೆಯುವ ಹಾದಿ, ಹಡ್ಸನ್ಸ್ ಕಟ್ಟಡದೊಳಗೂ ಮನೆ ಮತ್ತು ಮಳಿಗೆಗಳು. ನಕ್ಷೆಯನ್ನು ನೋಡಿದರೆ ನಮಗೆ ಥಟ್ಟನೆ ಗ್ರುಯೆನ್ ನೆನಪಾಗುತ್ತಾನೆ. ಯಾಕೆಂದರೆ ಅವನ ಮೂಲ ಆಸೆಯೂ ಇದೇ ಆಗಿತ್ತು. ಅಂಗಡಿಯ ಸುತ್ತ ಮನೆ, ಶಾಲೆ, ಆಸ್ಪತ್ರೆ, ಕಚೇರಿ ಎಲ್ಲವೂ ಇರುವ ಊರು ಬೇಕೆಂದು ಅವನು ಸೌತ್‌ಡೇಲ್‌ನ ಕಾಲದಿಂದ ಹೇಳುತ್ತಲೇ ಇದ್ದ. ಮಾಲೀಕರು ಅಂಗಡಿಯನ್ನು ಇಟ್ಟುಕೊಂಡು ಉಳಿದದ್ದನ್ನು ಕೈಬಿಟ್ಟಿದ್ದರು.

ಎಲ್ಲ ಮಾಲ್‌ಗಳ ಹಣೆಬರಹ ಒಂದೇ ಅಲ್ಲ. ನಾರ್ತ್‌ಲ್ಯಾಂಡ್‌ನ ತಂಗಿ ಈಸ್ಟ್‌ಲ್ಯಾಂಡ್ ಇದ್ದ ಜಾಗದಲ್ಲಿ ಈಗ ಗೋದಾಮುಗಳು ಎದ್ದಿವೆ. ಓಹಾಯೊ ರಾಜ್ಯದಲ್ಲಿ 1976ರಲ್ಲಿ ತೆರೆದು, ತನ್ನ ಕಾಲದ ಅತಿ ದೊಡ್ಡ ಮಾಲ್‌ಗಳಲ್ಲಿ ಒಂದೆನಿಸಿದ್ದ ರ್‍ಯಾಂಡಲ್ ಪಾರ್ಕ್ ಮಾಲ್‌ನ ನೆಲದಲ್ಲಿ 2018ರಿಂದ ಅಮೆಜಾನ್ ಕಂಪನಿಯ ಗೋದಾಮು ನಡೆಯುತ್ತಿದೆ. ಅಲ್ಲಿ ಗಿರಾಕಿಗಳಿಲ್ಲ. ಕಪಾಟು, ಪೆಟ್ಟಿಗೆ, ಯಂತ್ರ, ಗಡಿಯಾರ ನೋಡಿಕೊಂಡು ಓಡುವ ಕೆಲಸಗಾರರು. ಟೆಕ್ಸಸ್ ರಾಜ್ಯದ ಆಸ್ಟಿನ್‌ನಲ್ಲಿ 1971ರ ಹೈಲ್ಯಾಂಡ್ ಮಾಲ್ ಮಾತ್ರ ಬೇರೆ ದಾರಿ ಹಿಡಿಯಿತು. ಊರಿನ ಸಮುದಾಯ ಕಾಲೇಜು ಅದನ್ನು ಕೊಂಡಿತು. ಬಟ್ಟೆ ತೂಗುಹಾಕಿದ್ದ ಮಳಿಗೆಯಲ್ಲಿ ಸಾಲುಸಾಲು ಕಂಪ್ಯೂಟರು ಇಟ್ಟು ಮಕ್ಕಳಿಗೆ ಗಣಿತ ಕಲಿಸತೊಡಗಿದರು. ಅಂತೂ ಕಟ್ಟಡ ಸತ್ತ ಮೇಲೆ ಏನಾಗಬೇಕೆಂಬುದನ್ನು ನಸೀಬು ತೀರ್ಮಾನಿಸುವುದಿಲ್ಲ. ನೆಲ ಯಾರ ಕೈಗೆ ಹೋಯಿತು ಎಂಬುದು ತೀರ್ಮಾನಿಸುತ್ತದೆ. ಹಳೆಯ ಹಡ್ಸನ್ಸ್ ನಿಂತಿದ್ದ ವುಡ್‌ವರ್ಡ್ ಅವೆನ್ಯೂದ ಜಾಗದಲ್ಲಿ ಈಗ ಗಗನಚುಂಬಿ ಎದ್ದಿದೆ. ಜನರಲ್ ಮೋಟರ್ಸ್ ತನ್ನ ಕೇಂದ್ರ ಕಚೇರಿಯನ್ನು ಅಲ್ಲಿಗೆ ತರುವುದಾಗಿ 2024ರಲ್ಲಿ ಪ್ರಕಟಿಸಿತು. ಊರ ಹೊರಗೆ ಹೋದ ಹಣ ಎಪ್ಪತ್ತು ವರ್ಷಗಳ ಮೇಲೆ ಊರ ನಡುವಿಗೇ ಮರಳುತ್ತಿದೆ. ಆದರೆ ಡೆಟ್ರಾಯಿಟ್‌ನಲ್ಲಿ 2020ರ ಜನಗಣತಿಯಲ್ಲಿ ಸಿಕ್ಕವರು 6 ಲಕ್ಷ 39 ಸಾವಿರ ಮಂದಿ ಮಾತ್ರ.

ಗ್ರುಯೆನ್ 1968ರಲ್ಲಿ ವಿಯೆನ್ನಾಗೆ ಮರಳಿದ. ತಾನು ನೆನಪಿನಲ್ಲಿಟ್ಟುಕೊಂಡಿದ್ದ ಬೀದಿಗಳಲ್ಲಿ ನಡೆದಾಡುವ ಆಸೆ. 1976ರಲ್ಲಿ ಆ ನಗರದ ದಕ್ಷಿಣಕ್ಕೆ ಶಾಪಿಂಗ್ ಸಿಟಿ ಸೂಡ್ ಎಂಬ ಭಾರೀ ಮಾಲ್ ತೆರೆಯಿತು. ಊರ ನಡುವಿನ ಸಣ್ಣ ಅಂಗಡಿಗಳು ತತ್ತರಿಸಿದವು. ಅವನು ಬಿಟ್ಟು ಬಂದ ಭೂತ ಅವನ ಹಿಂದೆಯೇ ಮನೆ ಸೇರಿತ್ತು. 1978ರಲ್ಲಿ ಲಂಡನ್ನಿನಲ್ಲಿ ಮಾತಾಡುತ್ತ, ಈ ಮಾಲ್‌ಗಳು ತನ್ನ ಮಕ್ಕಳಲ್ಲ, ಇವುಗಳ ಜವಾಬ್ದಾರಿಯನ್ನು ತಾನು ಹೊರುವುದಿಲ್ಲ ಎಂಬರ್ಥದಲ್ಲಿ ಕಟುವಾಗಿ ಹೇಳಿದ. 1980ರಲ್ಲಿ ತೀರಿಕೊಂಡ.

ಅವನ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೆ ಅವನು ತನ್ನನ್ನು ಪೂರ್ತಿ ಬಿಡಿಸಿಕೊಳ್ಳುವಂತಿಲ್ಲ. ಚೌಕವನ್ನು ಕಟ್ಟಿ ಅದರ ಕೀಲಿಯನ್ನು ಅಂಗಡಿಯವನ ಕೈಗೆ ಕೊಟ್ಟವನು ಅವನೇ. ಅಂಗಡಿಯವನು ಕೆಟ್ಟವನೆಂದಲ್ಲ. ಲಾಭವಿರುವಲ್ಲಿಗೆ ಹೋಗುವುದು ಅವನ ಧರ್ಮ. ಹಳೆಯ ಬಜಾರುಗಳಲ್ಲೂ ವ್ಯಾಪಾರವೇ ನಡೆಯುತ್ತಿತ್ತು. ಆದರೆ ಬಜಾರಿನ ನೆಲ ಅಂಗಡಿಯವನದಾಗಿರಲಿಲ್ಲ. ಅತ್ತರಿನವನು ಹೋದರೆ ಬಳೆಯವನು ಬರುತ್ತಿದ್ದ, ಬೀದಿ ಇದ್ದಲ್ಲೇ ಇರುತ್ತಿತ್ತು. ನಾರ್ತ್‌ಲ್ಯಾಂಡ್‌ನಲ್ಲಿ ಅಂಗಡಿ ಹೊರಟಾಗ ಬೀದಿಯೂ ಗಂಟುಮೂಟೆ ಕಟ್ಟಿತು. ಊರವರ ಕೈಯಲ್ಲಿ ಉಳಿದದ್ದು ಬಾಲ್ಯದ ಫೋಟೋಗಳು.

ಮತ್ತು ಕರಡಿ. ಮಾಲ್ ಮುಚ್ಚಿದಾಗ ಅಲ್ಲಿನ ಕಲಾಕೃತಿಗಳು ಊರು ಬಿಟ್ಟು ಹೋಗದಂತೆ ಸೌತ್‌ಫೀಲ್ಡ್‌ನವರು ಹಣ ಹೊಂದಿಸಿ ಉಳಿಸಿಕೊಂಡರು. ಅರವತ್ತು ವರ್ಷಗಳ ಹಿಂದೆ ಅದರ ಕಾಲಬುಡದಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದವರ ಮೊಮ್ಮಕ್ಕಳು ಇಂದು ಗ್ರಂಥಾಲಯದಲ್ಲಿ ಅದನ್ನು ನೋಡುತ್ತಾರೆ. ಅಲ್ಲಿ ಬರಲು ಜೇಬಿನಲ್ಲಿ ಕಾಸು ಬೇಕಿಲ್ಲ. ಏನೂ ಕೊಳ್ಳದೆ ಸಂಜೆಯವರೆಗೆ ಕೂರಬಹುದು. ಯಾಕೆ ಕೂತೆ ಎಂದು ಕೇಳುವವರಿಲ್ಲ.